ಎಲ್ಲ ಪಿನ್ನುಗಳನ್ನೂ ಬಿಡಿಸಿದ ಬೆಳಿಗ್ಗೆ

ನಮ್ಮ ವಠಾರದ ಫ್ಯಾನು, ಪಂಪು, ಕಣ್ಣು ಕಾಣದ ಪಕ್ಕದ ಮನೆ ಪುಟ್ಟತಾಯಜ್ಜಿಗೆ ನೋಟ ಕೊಡುವ ಯಂತ್ರದ ಕಣ್ಣು, ಎಲ್ಲವೂ ಮೆಟ್ಟಿಲ ಕೆಳಗಿನ ಒಂದೇ ಕಂಪ್ಯೂಟರ್ ಬೋರ್ಡಿನ ಪಿನ್ನುಗಳಿಗೆ ಸೇರಿವೆ. ಫೋನಿನಿಂದ ಒಂದು ಪಿನ್ನು ಬಿಡಿಸಿದರೆ ಅದಕ್ಕೆ ಸೇರಿದ್ದು ನಿಂತುಹೋಗುತ್ತದೆ. ಕಾಲೇಜಿಗೆ ಹೊರಡುವ ಅವಸರದಲ್ಲಿ ನನ್ನ ಫ್ಯಾನಿನ ಪಿನ್ನೊಂದನ್ನೇ ಬಿಡಿಸುವ ಬದಲು, ಫೋನಿನಲ್ಲಿ ‘ಎಲ್ಲವನ್ನೂ ಬಿಡಿಸು’ ಒತ್ತಿಬಿಟ್ಟೆ.

ಚಪ್ಪಲಿ ಹಾಕುವಷ್ಟರಲ್ಲಿ ಅಜ್ಜಿ ಗೋಡೆ ತಡವುತ್ತಾ ನನ್ನ ಬಾಗಿಲಿಗೆ ಬಂದರು. ಬಲಗೈ ಕೆಂಪಗೆ ಸುಟ್ಟಿತ್ತು.

“ಸಾರು ಇಳಿಸ್ತಿದ್ದೆ ಕಣೇ, ಕಣ್ಣೇ ಹೋಯ್ತು. ಯಾರ ಕೆಲ್ಸ ಇದು?”

“ನಂದೇ ಅಜ್ಜಿ. ಹೋಗೋ ಮುಂಚೆ ನನ್ನ ಫ್ಯಾನ್ ಆಫ್ ಮಾಡೋಕೆ ಎಲ್ಲಾ ಪಿನ್ನೂ ಬಿಡಿಸ್ಬಿಟ್ಟೆ ಅಷ್ಟೆ.”

“ಊಟ ಆದ್ಮೇಲೆ ನಿನ್ನೆಲೆ ನೀನು ಎತ್ತು. ಉಣ್ತಾ ಕೂತಿರೋರ ಎಲೆ ಯಾಕೆ ಎಳೀತೀಯ?”

“ತಪ್ಪಾಯ್ತು. ಈಗ್ಲೇ ಆನ್ ಮಾಡ್ತೀನಿ.”

“ಮೊದ್ಲು ಕೈಗೆ ತಣ್ಣೀರು ಹುಯ್ಯಿ. ಆಮೇಲೆ ಕಣ್ಣು ಕೊಡು. ನಿನ್ನ ಮುಖ ನೋಡ್ಕೊಂಡೇ ಬೈಬೇಕು ನಾನು.”