ಹಿಮದಲ್ಲಿ ಕೆಂಪು ಜಾಕೆಟ್

ನಿಶ್ಚಿತಾರ್ಥ ಮುಗಿದ ದಿನದಿಂದ ಭಾರ್ಗವನಿಗೆ ಒಂದೇ ಧ್ಯಾನ. ಮದುವೆಗೆ ಮೊದಲಿನ ಫೋಟೊಗಳನ್ನು ಉತ್ತರ ಜಪಾನಿನ ಹಿಮದಲ್ಲೇ ತೆಗೆಸಬೇಕು. ಕಾಫಿ ಆರಿಹೋದರೂ ಅವನ ಬೆರಳು ಮೊಬೈಲಿನ ನಕ್ಷೆಯಿಂದ ಏಳಲಿಲ್ಲ.

"ಹೊಕ್ಕೈಡೊ ಬೇಡ, ಅಲ್ಲಿಗೆ ನಮ್ಮ ಚಿಕ್ಕಪ್ಪನ ಮಗ ಹೋಗಿ ಬಂದ. ಅಕಿತಾದ ಒಳಗಡೆ ಹೆಪ್ಪುಗಟ್ಟಿದ ಒಂದು ಜಲಪಾತ ಇದೆ, ಯಾರ ಆಲ್ಬಮ್ಮಲ್ಲೂ ಇಲ್ಲ. ಅಲ್ಲಿ ನೀನು ಜಾರ್ತೀಯ, ನಾನು ಹಿಡ್ಕೋತೀನಿ. ಆಮೇಲೆ ಬಿಸಿನೀರಿನ ಬುಗ್ಗೆ ಹತ್ರ ನಿನ್ನ ಕಣ್ಣಲ್ಲಿ ನೀರು ಬರ್ಬೇಕು."

"ಯಾಕೆ?"

"ಸಂತೋಷಕ್ಕೆ ಕಣೇ!"

ಎದುರಿಗೆ ಕೂತಿದ್ದ ನಿವೇದಿತಾಳಿಗೆ ಇದೆಲ್ಲ ನಾಟಕದಂತೆ ಕಂಡಿತು. ಪ್ರೀತಿ ಅಂದರೆ ಹೀಗೇ ಇರುತ್ತದೇನೋ, ತನಗೇ ಗೊತ್ತಾಗುವುದಿಲ್ಲವೇನೋ ಎಂದು ಎಂದಿನಂತೆ ತನ್ನನ್ನೇ ಗದರಿಕೊಂಡಳು. ಅವನ ಮನಸ್ಸು ನೊಂದೀತೆಂದು ಬೆಳಗಿನಿಂದ ನುಂಗಿಕೊಂಡಿದ್ದ ಮಾತನ್ನು ಕಡೆಗೂ ಹೇಳಿದಳು.

"ನಂಗೆ ವೀಸಾ ಸಿಗಲಿಲ್ಲ ಭಾರ್ಗವ್. ಅರ್ಜೀಲಿ ನಾನೇ ಏನೋ ತಪ್ಪು ಮಾಡಿರ್ಬೇಕು."

ಅವನು ಅವಳ ಕೈ ಮೇಲೆ ಕೈಯಿಟ್ಟ. "ಅಯ್ಯೋ, ಇಷ್ಟಕ್ಕೆ ಮುಖ ಸಣ್ಣ ಮಾಡ್ಕೊಂಡಿದೀಯಾ? ಟ್ರಿಪ್ ಏನೂ ನಿಲ್ಲಲ್ಲ ಬಿಡು. ನಮ್ಮ ಆಫೀಸಿನ ಶ್ರಾವ್ಯಾಗೆ ವೀಸಾ ಇದೆ, ನಿನ್ನಷ್ಟೇ ಎತ್ತರ. ನಿನ್ನ ಕೆಂಪು ಜಾಕೆಟ್ ಕೊಡು. ಟೋಪಿ, ಮಫ್ಲರ್ ಹಾಕಿದ್ರೆ ಆ ಹಿಮದಲ್ಲಿ ಮುಖ ಯಾರಿಗೆ ಕಾಣತ್ತೆ?"

ನಿವೇದಿತಾ ಕೈಯನ್ನು ಮೆಲ್ಲನೆ ಎಳೆದುಕೊಂಡು ಕರವಸ್ತ್ರದಿಂದ ಒರೆಸಿಕೊಂಡಳು.

"ಜಾಕೆಟ್ ಕಳಿಸ್ತೀನಿ, ಜೊತೆಗೆ ಧಾರೆ ಸೀರೇನೂ ಕಳಿಸ್ತೀನಿ," ಎಂದಳು. "ಅಂತರಪಟ ಸರಿದಾಗ ನಿನ್ನ ಎದುರಿಗೆ ಅವಳೇ ನಿಂತಿರಲಿ."