ಒಂಬತ್ತನೇ ಕಂಪ್ಯೂಟರಿನ ಕೋರಿಕೆ

ಶಾಲೆಯ ಹನ್ನೆರಡು ಕಂಪ್ಯೂಟರುಗಳಿಗೆ ವನಜಾಕ್ಷಿ ಟೀಚರ್ ತಾವೇ ತಂತಿ ಎಳೆದು, ನೆಟ್‌ವರ್ಕ್ ಜೋಡಿಸಿ, ಕಾವಲನ್ನೂ ಹಾಕಿದ್ದರು. ಮಕ್ಕಳು ಯಾವ ಹೊಸ ಪುಟ ತೆರೆಯಹೊರಟರೂ ಮೊದಲು ಟೀಚರ ಪರದೆಯ ಮೇಲೆ ಅನುಮತಿಯ ಕೋರಿಕೆ ಬರುತ್ತಿತ್ತು.

ಆ ವ್ಯವಸ್ಥೆಯನ್ನು ನೋಡಲೆಂದು ಒಂದು ದಿನ ಶಾಲಾ ಸಮಿತಿಯ ಅಧ್ಯಕ್ಷರು ಮಕ್ಕಳ ಬೆನ್ನ ಹಿಂದೆ ಸದ್ದಿಲ್ಲದೆ ಬಂದು, ಟೀಚರ ಪಕ್ಕದಲ್ಲಿ ಕುಳಿತರು.

"ನನ್ ಮಗಳದ್ದು ಯಾವ್ದು?"

"ಒಂಬತ್ತನೇದು ಸಾರ್."

ಅಷ್ಟರಲ್ಲಿ ಒಂಬತ್ತನೆಯದರಿಂದಲೇ ಕೋರಿಕೆ ಬಂತು: ಮಕ್ಕಳ ಸಹಾಯವಾಣಿ, ಬಾಲ್ಯವಿವಾಹದ ದೂರು.

ಟೀಚರ್ ಮೌಸಿಗೆ ಕೈ ಹಾಕಿದರು. ಅಧ್ಯಕ್ಷರ ಮಗಳು, ಹದಿನಾಲ್ಕರ ಪವಿತ್ರಾಗೆ ಭಾನುವಾರ ಮದುವೆಯೆಂಬ ಗುಸುಗುಸು ಹಾಗಾದರೆ ನಿಜ. ಅನುಮತಿ ಕೊಡಬೇಕೆಂದರೆ ಅಪ್ಪ ಪಕ್ಕದಲ್ಲೇ ಇದ್ದಾನೆ. ತಡೆದರೆ ಹುಡುಗಿಗೆ ಬೇರೆ ದಾರಿಯಿಲ್ಲ.

"ಏನ್ ಕೇಳ್ತೈತೆ ಅದು?"

"ಏನೋ ತಪ್ಪಿ ಒತ್ತಿರ್ಬೇಕು ಸಾರ್. ತೆಗೆದ್ಬಿಡ್ತೀನಿ."

"ನಂಗೂ ಓದಕ್ ಬರ್ತದೆ ಟೀಚರೇ," ಎನ್ನುತ್ತ ಅಧ್ಯಕ್ಷರು ಮೌಸನ್ನು ತಮ್ಮತ್ತ ಎಳೆದುಕೊಂಡರು.

ಆಕೆ ಕಣ್ಣು ಮುಚ್ಚಿಕೊಂಡರು. ಟಕ್ ಎಂದು ಸದ್ದಾಯಿತು. ಕಣ್ಣು ತೆರೆದಾಗ ಪರದೆಯಲ್ಲಿ 'ಅನುಮತಿ ನೀಡಲಾಗಿದೆ' ಎಂದಿತ್ತು.

"ಈ ಮದ್ವೆ ಗೊತ್ತುಮಾಡಿದ್ದು ನಮ್ಮಣ್ಣ. ಅವನ್ ಮುಂದೆ ಬಾಯ್ ಬಿಡಕ್ಕೆ ನನ್ ಕೈಲಾಗ್ಲಿಲ್ಲ," ಎಂದರು ಅಧ್ಯಕ್ಷರು, "ಅವಳಾದ್ರೂ ಹೇಳ್ಲಿ."