ಹಾರವಾಡದ ಮೂರನೆಯ ದೂರು

ಮೂರನೆಯ ದೂರಿಗೂ ಸಹಿ ಇರಲಿಲ್ಲ.

‘ಹಾರವಾಡದ ದುರ್ಗಾ ಹರಿಕಂತ್ರ ಮಾನಸಿಕ ಕಾಯಿಲೆಯ ನೆಪ ಹೇಳಿ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಿದ್ದಾಳೆ. ಅವಳಿಗೆ ಏನೂ ಆಗಿಲ್ಲ. ಅಡುಗೆ ಮಾಡುತ್ತಾಳೆ, ನಗುತ್ತಾಳೆ, ಗಂಟೆಗಟ್ಟಲೆ ಮಾತಾಡುತ್ತಾಳೆ. ಕಳೆದ ಸಲ ಅಧಿಕಾರಿ ಚಾ ಕುಡಿದು ಎದ್ದು ಹೋದರು. ಈ ಸಲ ಮಂಗಳವಾರ ಮಧ್ಯಾಹ್ನ ಹೋಗಿ, ಕೂತು, ಸರಿಯಾಗಿ ವಿಚಾರಿಸಬೇಕು.’

ಗ್ರಾಮ ಆಡಳಿತಾಧಿಕಾರಿ ಶರಾವತಿ ಕಾಗದವನ್ನು ಎರಡು ಸಲ ಓದಿದಳು. ಟೈಪು ಮಾಡಿದ ಅಕ್ಷರ, ಅಂಕೋಲೆಯ ಅಂಚೆ ಮುದ್ರೆ. ಮೇಲಿನವರು ಅಂಚಿನಲ್ಲಿ ಒಂದೇ ಸಾಲು ಗೀಚಿದ್ದರು: ‘ಇದೇ ಕೊನೆಯ ತನಿಖೆ. ಅನುಮಾನ ಉಳಿದರೆ ಅರ್ಜಿ ತಿರಸ್ಕರಿಸಿ.’

ಅನುಮಾನ ಶರಾವತಿಗೂ ಇತ್ತು. ಕಾರವಾರದ ವೈದ್ಯರು ಕೊಟ್ಟ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇಕಡಾ ಅರವತ್ತು ಎಂದಿತ್ತು. ಕೆಳಗೆ ವಿವರ: ಕೆಲಸ ಮಾಡುವ ಶಕ್ತಿ ಇಲ್ಲ. ಜನರೊಂದಿಗೆ ಒಡನಾಟ ಇಲ್ಲ. ಆದರೆ ಅವಳು ಕಂಡ ದುರ್ಗಾ ಬೇರೆಯೇ ಇದ್ದಳು. ಮೊದಲ ಸಲ ಹೋದಾಗ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಒಲೆಯಲ್ಲಿ ಬೂದಿ ತಣ್ಣಗಿತ್ತು, ತಲೆ ಜಡೆಗಟ್ಟಿತ್ತು. ಒಂದು ಮಾತು ಹೊರಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಸಲ ಅಂಗಳ ಗುಡಿಸಿತ್ತು. ತಲೆ ಬಾಚಿ ಅಬ್ಬಲಿಗೆ ಮುಡಿದಿದ್ದಳು. ಚಾ ಕೊಟ್ಟಳು, ಬಂಗಡೆ ಸಾರಿನಲ್ಲಿ ಊಟಕ್ಕೂ ಕರೆದಳು. ಶರಾವತಿ ಸಿದ್ದಾಪುರದ ಕಡೆಯವಳು, ಮೀನು ತಿನ್ನುವುದಿಲ್ಲ ಎಂದು ಹೇಳಿ ಎದ್ದು ಬಂದಿದ್ದಳು.

ಮಂಗಳವಾರ ಯಾರಿಗೂ ತಿಳಿಸದೆ ಹೊರಟಳು. ಮೊದಲು ದುರ್ಗಾಳ ಪಕ್ಕದ ಮನೆಯ ನಾಗಮ್ಮನನ್ನು ಹಿಡಿದಳು.

“ದೂರು ನಿಮ್ಮದೇ ಏನು?”

ಬಲೆಯ ಹರುಕು ಹೊಲಿಯುತ್ತಿದ್ದ ನಾಗಮ್ಮ ತಲೆ ಎತ್ತಲಿಲ್ಲ. “ಆ ಮನೆ ಹೊಸ್ತಿಲು ತುಳಿದು ಆರು ವರ್ಷ ಆಯ್ತು, ಅಕ್ಕೋರೆ. ಒಳಗೆ ಅವಳು ನಗ್ತಳೋ ಅಳ್ತಳೋ, ನಮಗೆಂತಾ ಗೊತ್ತು?”

“ಯಾಕೆ ಹೋಗುದಿಲ್ಲ?”

“ಬೈತಖೋಲ ಬಂದರದಾಗೆ ಮೀನು ಹರಾಜಿಗೆ ಕೂತವಳು, ಬುಟ್ಟಿ ಒಳಗಿಂದ ಯಾರೋ ಕರೀತರು ಅಂತ ಎದ್ದು ಸೀದಾ ನೀರಿಗೆ ನಡೆದ್ಳು. ಎಳ್ಕಂಡು ಬಂದ್ರು. ಗುಳಿಗೆ ತಿಂತಳಂತೆ. ಆದ್ರೂ ಮಳ್ಳು ಮಳ್ಳೇ ಅಲ್ದೇ? ಹೆದ್ರಿಕೆ ಆಗ್ತದೆ.”

ದುರ್ಗಾ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಎರಡು ಮಣೆ, ಎರಡು ಬಾಳೆಲೆ. ಬಸಳೆ ಸಾರಿನ ವಾಸನೆ. ಮೀನಿನ ಸುಳಿವೂ ಇರಲಿಲ್ಲ.

ಶರಾವತಿಗೆ ಸಿಟ್ಟು ಬಂತು. ಕಚೇರಿಯಿಂದಲೇ ಯಾರೋ ಸುದ್ದಿ ಮುಟ್ಟಿಸುತ್ತಿದ್ದಾರೆ.

“ನಾನು ಬರುದು ನಿಮಗೆ ಯಾರು ಹೇಳಿದ್ದು ದುರ್ಗಕ್ಕ?”

“ಯಾರ್ ಹೇಳ್ತರು ಅಕ್ಕೋರೆ? ಇಲ್ಲಿಗೆ ಯಾರ್ ಬತ್ತರು?” ದುರ್ಗಾ ನೀರಿನ ತಂಬಿಗೆ ಮುಂದಿಟ್ಟಳು. “ಕೈ ತೊಳೀರಿ.”

ಕೂತು ವಿಚಾರಿಸಬೇಕೆಂದೇ ದೂರಿನಲ್ಲಿತ್ತು. ಕೂತಳು. ವರ್ಷದಿಂದ ಅಂಕೋಲೆಯ ಬಾಡಿಗೆ ಕೋಣೆ, ಖಾನಾವಳಿಯ ಊಟ. ತನಗಾಗಿ ಯಾರೋ ಮಾಡಿದ ಸಾರು ಉಂಡು ಎಷ್ಟು ಕಾಲವಾಗಿತ್ತೆಂದು ಅವಳಿಗೇ ನೆನಪಿರಲಿಲ್ಲ. ಪ್ರಶ್ನೆಗಳ ಪಟ್ಟಿ ಚೀಲದಲ್ಲೇ ಉಳಿಯಿತು.

ದುರ್ಗಾ ತಾನಾಗಿಯೇ ಹೇಳಿದಳು. “ಈಗ ಆ ಕರೆಯೂದು ಕಮ್ಮಿ. ಆದ್ರೆ ಒಂದೊಂದ್ಸಲ ಎಂಟು ಹತ್ತು ದಿನ ಏಳೂಕೇ ಆಗೂದಿಲ್ಲ. ಒಲೆ ಹಚ್ಚಬೇಕು ಅಂತ ಗೊತ್ತಿರ್ತದೆ, ಕೈ ಬರೂದಿಲ್ಲ. ಕಾರವಾರದ ಡಾಕ್ಟ್ರು ಕೇಳಿದ್ರು, ದಿನಾ ಯಾರ ಸಂಗ್ಡ ಮಾತಾಡ್ತೆ ಅಂತ. ಎಷ್ಟು ಯೋಚ್ನೆ ಮಾಡಿದ್ರೂ ಒಂದು ಹೆಸ್ರು ಬರ್ಲಿಲ್ಲ.”

“ಇವತ್ತು ಚಲೋ ಇದ್ದೀರಲ್ಲ?”

“ಇವತ್ತು ಇದ್ದೆ,” ಎಂದು ದುರ್ಗಾ ನಕ್ಕಳು.

ಆ ನಗುವಿನಲ್ಲಿ ಕಪಟವಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಗುಳಿಗೆಯ ಖಾಲಿ ಸ್ಟ್ರಿಪ್ಪುಗಳು ದಪ್ಪ ಕಂತೆಯಾಗಿ ಕೂತಿದ್ದವು. ಒಂದು ಒಳ್ಳೆಯ ದಿನ ಕಂಡು ಕಾಯಿಲೆಯೇ ಇಲ್ಲ ಎಂದು ಬರೆಯುವುದು ಸುಲಭ. ಶರಾವತಿ ಹಾಗೆ ಬರೆಯುವುದಿಲ್ಲ ಎಂದು ನಿರ್ಧರಿಸಿದಳು.

ಹೊರಡುವಾಗ ಮೂರು ಗಂಟೆ ದಾಟಿತ್ತು. “ನಾಳೆಯೇ ವರದಿ ಕೊಡ್ತೆ ದುರ್ಗಕ್ಕ. ಅರ್ಜಿ ಮಂಜೂರಾಗ್ತದೆ. ಇನ್ನು ನಿಮಗೆ ತನಿಖೆಯ ಕಾಟ ಇಲ್ಲ.”

ದುರ್ಗಾಳ ಮುಖದಲ್ಲಿ ಸಂತೋಷ ಕಾಣಲಿಲ್ಲ. “ಅಷ್ಟು ಬೇಗ್ನೆಯಾ?” ಎಂದಳು. ಶರಾವತಿಯ ಸ್ಕೂಟರು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅಂಗಳದಲ್ಲೇ ನಿಂತಿದ್ದಳು.

ಮರುದಿನ ಕಚೇರಿಯ ಪ್ರಿಂಟರು ಕೆಟ್ಟಿತ್ತು. ವರದಿಯ ಪ್ರತಿ ತೆಗೆಸಲು ಶರಾವತಿ ಅಂಕೋಲೆ ಬಸ್ ನಿಲ್ದಾಣದ ಎದುರಿನ ರೂಪಾಲಿಯ ಟೈಪಿಂಗ್ ಅಂಗಡಿಗೆ ಹೋದಳು. ಯಂತ್ರದಿಂದ ಆಗಷ್ಟೇ ಇಳಿದ ಬಿಸಿ ಹಾಳೆಯೊಂದು ಮೇಜಿನ ಮೇಲಿತ್ತು. ಮೊದಲ ಸಾಲಿಗೇ ಅವಳ ಕಣ್ಣು ನೆಟ್ಟಿತು.

‘ಹಾರವಾಡದ ದುರ್ಗಾ ಹರಿಕಂತ್ರ ಮೂರನೆಯ ಸಲವೂ ಅಧಿಕಾರಿಗೆ ಮೋಸ ಮಾಡಿದ್ದಾಳೆ. ಶರಾವತಿ ಮೇಡಮ್ಮರನ್ನೇ ಇನ್ನೊಮ್ಮೆ ಕಳಿಸಬೇಕು.’

ಇದು ಕಚೇರಿ ಮುಟ್ಟಿದರೆ ಅರ್ಜಿ ಮುಗಿದಂತೆ. ಶರಾವತಿ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದಳು. “ಇದನ್ನ ಬರೆಸಿದ್ದು ಯಾರು? ಅವರಿಗೆ ಆ ಹೆಂಗಸಿನ ಮೇಲೆ ಎಂತಾ ದ್ವೇಷ?”

ರೂಪಾಲಿ ಗಾಬರಿಯಿಂದ ಕುರ್ಚಿ ಹಿಂದೆ ಸರಿಸಿದಳು. “ದ್ವೇಷ ಅಲ್ಲ ಮೇಡಂ, ಆ ಹೆಂಗಸೇ ಬಂದು ಬರೆಸೂದು. ಅರ್ಜಿ ಪಾಸಾದ್ರೆ ಮತ್ತೆ ಮನೆಗೆ ಯಾರೂ ಬರೂದಿಲ್ಲಂತೆ.”